ವಿಜಯನಗರ: ಒಂದೆಡೆ ನಿಂತು ಕಾಣಲಾಗದ ಪಟ್ಟಣ

ಸುಮಾರು 1520ರಲ್ಲಿ, ಶ್ರೀಕೃಷ್ಣದೇವರಾಯನು ಆಳುತ್ತಿದ್ದಾಗ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆ ಪಟ್ಟಣದ ವಿಸ್ತಾರವನ್ನು ಬರೆಯಲು ಹಿಂಜರಿದನು. ಬೆಟ್ಟವೊಂದನ್ನೇರಿ ನೋಡಿದರೂ ಪಟ್ಟಣವೆಲ್ಲವೂ ಅವನ ಕಣ್ಣಿಗೆ ಬೀಳಲಿಲ್ಲ. ಅದು ಬೆಟ್ಟಸಾಲುಗಳ ನಡುವೆ ಹರಡಿಕೊಂಡಿತ್ತು. ಕಂಡಷ್ಟು ಭಾಗವೇ ರೋಮಾಪುರಿಯಷ್ಟು ದೊಡ್ಡದಾಗಿ ತೋರಿತೆಂದು ಅವನು ಬರೆದಿದ್ದಾನೆ. ಇತಿಹಾಸಕಾರರು ಈ ಹೇಳಿಕೆಯನ್ನು ಸಾಮ್ರಾಜ್ಯದ ವೈಭವಕ್ಕೆ ಸಾಕ್ಷಿಯಾಗಿ ಉದಾಹರಿಸುವುದು ವಾಡಿಕೆ. ಆದರೆ ಅದರಲ್ಲಿ ಇನ್ನೊಂದು ಸೂಚನೆಯೂ ಅಡಗಿದೆ. ಈ ಪಟ್ಟಣವು ನಿಂತು ನೋಡುವವನಿಗೆ ದೊರೆಯತಕ್ಕದ್ದಲ್ಲ. ನಡೆದು ನೋಡುವವನಿಗೆ ದೊರೆಯತಕ್ಕದ್ದು.

ಇಂದು ಹಂಪೆಗೆ ಬರುವವರಲ್ಲಿ ಬಹುಮಂದಿ ವಿರೂಪಾಕ್ಷನ ದರ್ಶನವನ್ನು ಪಡೆದು, ಉಗ್ರನರಸಿಂಹ, ಕಮಲಮಹಲು, ಕಲ್ಲಿನ ರಥ ಇಷ್ಟನ್ನು ನೋಡಿ ಸಂಜೆಗೆ ಹಿಂತಿರುಗುತ್ತಾರೆ. ಅವರು ಕಾಣುವುದು ಕಟ್ಟಡಗಳನ್ನು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಪಟ್ಟಣವಾಗಿತ್ತೆಂಬುದು ವಾಹನದಲ್ಲಿ ಕುಳಿತವರಿಗೆ ಹೊಳೆಯುವುದಿಲ್ಲ.

ಹೊಸಪೇಟೆಯನ್ನು ಕೃಷ್ಣದೇವರಾಯನು ನಾಗಲಾಪುರವೆಂಬ ಹೆಸರಿನಲ್ಲಿ ಕಟ್ಟಿಸಿದನು. ಅಲ್ಲಿಂದ ರಾಜಧಾನಿಯವರೆಗಿನ ಹೆದ್ದಾರಿಯ ಇಕ್ಕೆಲಗಳಲ್ಲಿಯೂ ಮನೆಗಳು, ಅಂಗಡಿಗಳು, ದಾರಿಹೋಕರಿಗೆ ನೆರಳು ಕೊಡುವ ಮರಗಳು ಇದ್ದುವೆಂದು ಪಾಯೆಸನೇ ತಿಳಿಸುತ್ತಾನೆ. ಅದೇ ದಿಕ್ಕಿನಲ್ಲಿ ನಡೆದುಹೋಗುವವನಿಗೆ ಮೊದಲು ಎದುರಾಗುವುದು 1524ರ ಅನಂತಶಯನ ದೇವಾಲಯ; ಬಳಿಕ ಹೊಲಗದ್ದೆಗಳ ನಡುವೆ ಅಲ್ಲೊಂದು ಇಲ್ಲೊಂದು ಮಂಟಪ, ಬಾವಿ, ಚಿಕ್ಕ ಗುಡಿ. ಇವು ಒಂಟಿ ಕಟ್ಟಡಗಳಲ್ಲ, ಕಣ್ಮರೆಯಾದ ಬೀದಿಯೊಂದರ ಉಳಿದ ಕುರುಹುಗಳು.

ಹೇಮಕೂಟವನ್ನು ಏರಿದಾಗ ಕಾಲವು ಹಿಂದಕ್ಕೆ ಸರಿಯುತ್ತದೆ. ಅಲ್ಲಿಯ ಗುಡಿಗಳಲ್ಲಿ ಹಲವು ಸಾಮ್ರಾಜ್ಯಕ್ಕಿಂತ ಹಳೆಯವು. ಅವುಗಳಲ್ಲಿ ಒಂದು ಕಂಪಿಲರಾಯನು ಕಟ್ಟಿಸಿದ್ದೆಂದು ಶಾಸನವು ಹೇಳುತ್ತದೆ. ರಾಜ್ಯಸ್ಥಾಪನೆಯ ವರ್ಷವೆಂದು ಹೇಳಲಾಗುವ 1336ಕ್ಕಿಂತ ಬಹು ಮೊದಲೇ ಇದು ಪಂಪಾಕ್ಷೇತ್ರವಾಗಿದ್ದಿತು. ಮಹಾಕವಿ ಹರಿಹರನು ಆರಾಧಿಸಿದ ವಿರೂಪಾಕ್ಷನ ಸುತ್ತ ಆಗ ರಾಜಧಾನಿಯಿರಲಿಲ್ಲ. ಪಟ್ಟಣವು ಕ್ಷೇತ್ರವನ್ನು ನಿರ್ಮಿಸಲಿಲ್ಲ. ಕ್ಷೇತ್ರದ ಆಶ್ರಯದಲ್ಲಿ ತಾನು ಬೆಳೆಯಿತು.

ಬೆಟ್ಟವನ್ನಿಳಿದು ಕೃಷ್ಣದೇವಾಲಯವನ್ನು ದಾಟಿ ದಕ್ಷಿಣಕ್ಕೆ ನಡೆದರೆ ಹಿರಿಯ ಕಾಲುವೆಯ ಕಣಿವೆ ದೊರೆಯುತ್ತದೆ. ದೇವಾಲಯಗಳ ಪ್ರದೇಶವನ್ನೂ ಅರಮನೆಗಳ ಪ್ರದೇಶವನ್ನೂ ಬೇರ್ಪಡಿಸುವ ಈ ತಗ್ಗಿನಲ್ಲಿ ತುಂಗಭದ್ರೆಯ ನೀರು ಇಂದಿಗೂ ಹರಿಯುತ್ತಿದೆ, ಬಾಳೆಯ ತೋಟಗಳು ಹಸಿರಾಗಿವೆ. 1565ರ ಯುದ್ಧದ ಬಳಿಕ ಅರಮನೆಗಳು ಅಳಿದುವು, ಕಾಲುವೆ ಉಳಿಯಿತು. ಈ ದಾರಿಯಲ್ಲಿಯೇ ಉದ್ದಾನ ವೀರಭದ್ರನ ಗುಡಿಯಿದೆ. ದಳವಾಯಿ ಜಂಗಮಯ್ಯನು 1545ರಲ್ಲಿ, ಅಂದರೆ ಪತನಕ್ಕೆ ಇಪ್ಪತ್ತೇ ವರ್ಷ ಮೊದಲು, ಪ್ರತಿಷ್ಠಾಪಿಸಿದ ಈ ಮೂರ್ತಿಗೆ ಇಂದಿಗೂ ಪೂಜೆ ನಡೆಯುತ್ತಿದೆ.

ಅರಮನೆಗಳ ಆವರಣವನ್ನು ಹೊಕ್ಕಾಗಲೂ ಕಣ್ಣನ್ನು ಸೆಳೆಯುವುದು ನೀರಿನ ವ್ಯವಸ್ಥೆಯೇ. ಕಲ್ಲಿನ ತೊಟ್ಟಿಗಾಲುವೆಗಳು ಕಂಬಗಳ ಮೇಲೆ ಸಾಗಿ ಕೊಳಗಳಿಗೆ ನೀರುಣಿಸುತ್ತಿದ್ದುವು. 1980ರ ದಶಕದ ಉತ್ಖನನದಲ್ಲಿ ದೊರೆತ ಮೆಟ್ಟಿಲುಗೊಳದ ಕಲ್ಲುಗಳ ಮೇಲೆ, ಯಾವ ಕಲ್ಲು ಎಲ್ಲಿ ಕೂಡಬೇಕೆಂಬುದಕ್ಕೆ ಗುರುತುಗಳಿವೆ. ಅರಸರ ಹೆಸರು ಗ್ರಂಥಗಳಲ್ಲಿದೆ. ಹೆಸರಿಲ್ಲದ ಕಲ್ಲುಕುಟಿಗನ ಲೆಕ್ಕಾಚಾರವು ಈ ಮೆಟ್ಟಿಲುಗಳ ಮೇಲಿದೆ.

ಇಲ್ಲಿಂದ ಪೂರ್ವಕ್ಕೆ ಹರಡಿರುವ ಕೇರಿಗಳು ಸಾಹಿತ್ಯಾಭ್ಯಾಸಿಗಳ ವಿಶೇಷ ಗಮನಕ್ಕೆ ಅರ್ಹವಾಗಿವೆ. ಗಾಣಗಿತ್ತಿಯ ಗುಡಿಯೆಂದು ಜನ ಕರೆಯುವುದು ವಾಸ್ತವವಾಗಿ ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು ಶಕ 1307ರಲ್ಲಿ, ಅಂದರೆ ಕ್ರಿ.ಶ. 1385-86ರಲ್ಲಿ, ಕಟ್ಟಿಸಿದ ಜಿನಾಲಯ. ಇನ್ನೊಂದು ಕೇರಿಯಲ್ಲಿ ಅಹಮದ್ ಖಾನನೆಂಬ ಅಧಿಕಾರಿಯು 1439ರಲ್ಲಿ ಕಟ್ಟಿಸಿದ ಮಸೀದಿಯಿದೆ. ಅದರ ಕಂಬಗಳು ನಮ್ಮ ದೇವಾಲಯಗಳ ಮಂಟಪದ ಕಂಬಗಳಂತೆಯೇ ಇವೆ. ಅದರ ಕನ್ನಡ ಶಾಸನವು ಕಟ್ಟಡವನ್ನು ಧರ್ಮಸಾಲೆಯೆಂದು ಕರೆದು, ದೇವರಾಯನಿಗೆ ಪುಣ್ಯವಾಗಲೆಂದು ಅದನ್ನು ಕಟ್ಟಿಸಿದುದಾಗಿ ತಿಳಿಸುತ್ತದೆ.

ಈ ದೇವರಾಯನು ಯಾರು? ಚಾಮರಸನ ಪ್ರಭುಲಿಂಗಲೀಲೆ, ಲಕ್ಕಣ್ಣ ದಂಡೇಶನ ಶಿವತತ್ತ್ವಚಿಂತಾಮಣಿ ಇವು ಹೊರಬಂದ ಕಾಲದ ಅರಸು, ನೂರೊಂದು ವಿರಕ್ತರ ಪರಂಪರೆಯೊಡನೆ ಹೆಸರು ಬೆಸೆದುಕೊಂಡಿರುವ ಪ್ರೌಢದೇವರಾಯನೇ ಇವನು. ಶರಣಸಾಹಿತ್ಯವನ್ನು ಓದಿದವರು ಅವನನ್ನು ಒಂದು ಮುಖದಿಂದ ಬಲ್ಲರು. ಅಹಮದ್ ಖಾನನ ಕಲ್ಲು ಇನ್ನೊಂದು ಮುಖವನ್ನು ತೋರಿಸುತ್ತದೆ. ಗ್ರಂಥಭಂಡಾರದಲ್ಲಿ ಬೇರೆ ಬೇರೆ ಕಪಾಟುಗಳಲ್ಲಿರುವ ಸಂಗತಿಗಳು ನೆಲದ ಮೇಲೆ ಒಂದು ದಿನದ ನಡಿಗೆಯೊಳಗೇ ದೊರೆಯುತ್ತವೆ.

ಗ್ರಂಥದ ಮಾತನ್ನು ಪರೀಕ್ಷಿಸುವುದಕ್ಕೂ ನಡಿಗೆಯೇ ಸಾಧನ. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಒಂದರೊಳಗೊಂದರಂತೆ ಏಳು ಕೋಟೆಗಳಿದ್ದುವೆಂದೂ, ಹೊರಗಿನ ಸುತ್ತುಗಳಲ್ಲಿ ಹೊಲ ತೋಟಗಳಿದ್ದುವೆಂದೂ ಬರೆದನು. ಓದಿದವನ ಮನಸ್ಸಿನಲ್ಲಿ ಏಳು ಉಂಗುರಗಳ ಚಿತ್ರ ಮೂಡುತ್ತದೆ. ಗೋಡೆಯ ಗುಂಟ ನಡೆದವನಿಗೆ ಕಾಣುವುದು ಬೇರೆ: ಗೋಡೆಯು ಬಂಡೆಯಿಂದ ಬಂಡೆಗೆ ಸಾಗುತ್ತದೆ, ಬೆಟ್ಟವೇ ಕೋಟೆಯಾಗಿರುವಲ್ಲಿ ಗೋಡೆ ನಿಲ್ಲುತ್ತದೆ. ರಾಯಭಾರಿಯು ಸುಳ್ಳು ಹೇಳಿದನೆಂದಲ್ಲ. ತಾನು ಬಂದ ದಾರಿಯಲ್ಲಿ ದಾಟಿದುದನ್ನು ಎಣಿಸಿದನೆಂದು ಭಾವಿಸಬಹುದು. ಹೊರಸುತ್ತಿನ ಹೊಲ ತೋಟಗಳ ಮಾತಾದರೋ ಇಂದಿಗೂ ಕಣ್ಣಿಗೆ ಒಪ್ಪುವಂತಿದೆ.

ಆಧುನಿಕ ವಿದ್ವಾಂಸರೂ ಈ ಸತ್ಯವನ್ನು ಮನಗಂಡರು. 1980ರಿಂದ ಜಾನ್ ಫ್ರಿಟ್ಜ್, ಜಾರ್ಜ್ ಮಿಚೆಲ್ ಮೊದಲಾದವರು ನಗರಮಧ್ಯವನ್ನು ನಡೆದೇ ಅಳೆದು, ಹೆಸರಿಲ್ಲದ ಗುಡಿ, ಬಾವಿ, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ನಕ್ಷೆಗೆ ಇಳಿಸಿದರು. ಮುಂದೆ ಕಾರ್ಲಾ ಸಿನೋಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಅವರ ತಂಡವು ಹೊರವಲಯದ ಹೊಲಗಳಲ್ಲಿ ಸಾಲುಗಟ್ಟಿ ನಡೆದು ಕೆರೆ, ಏರಿ, ಹಳ್ಳಿನೆಲೆಗಳನ್ನು ನೂರಾರು ಸಂಖ್ಯೆಯಲ್ಲಿ ಗುರುತಿಸಿತು. 1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪ್ರಸಿದ್ಧ ದೇವಾಲಯಗಳಿಗೆ ಕಾವಲಿದೆ, ಬೇಲಿಯಿದೆ. ಆದರೆ ಹೊಲದ ಅಂಚಿನ ಎರಡು ಕಂಬಗಳ ಗುಡಿಗೆ, ಬಂಡೆಯ ಮೇಲಿನ ಸವೆದ ಮೆಟ್ಟಿಲಿಗೆ ಅದನ್ನು ಬಲ್ಲವರೇ ಕಾವಲು. ಕಾಲುದಾರಿಯಲ್ಲಿ ನಡೆಯುವವರು ಇಲ್ಲವಾದರೆ ಅವು ಅಳಿದುದೂ ಯಾರಿಗೂ ತಿಳಿಯದು. ಯಾತ್ರೆಗೆ ಬರುವ ಭಕ್ತರೂ ವಿದ್ಯಾರ್ಥಿಗಳೂ ವಿರೂಪಾಕ್ಷನ ದರ್ಶನವಾದ ಬಳಿಕ ಒಂದು ಹಗಲನ್ನಾದರೂ ಈ ದಾರಿಗಳಿಗೆ ಮೀಸಲಿಡುವುದು ಯುಕ್ತ.