ಇದ್ದಿಲು ಬಸ್ಸು ಮತ್ತು ನಮ್ಮ ಗ್ಯಾರೇಜಿನ ಉಸ್ತಾದರು

ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಗೆ ಬಂದ ಲಾರಿ ಕೆಟ್ಟು ನಿಂತರೆ ಚಾಲಕ ಮೊದಲು ಕೇಳುವುದು, "ಇಲ್ಲಿ ಗ್ಯಾರೇಜ್ ಎಲ್ಲಿದೆ?" ಎಂದು. ನಮ್ಮ ಪಠ್ಯಪುಸ್ತಕಗಳಲ್ಲಿ ರಾಜರಿದ್ದಾರೆ, ಯುದ್ಧಗಳಿವೆ. ಗ್ಯಾರೇಜಿನ ಚರಿತ್ರೆಯನ್ನು ಮಾತ್ರ ನಾವು ಮಕ್ಕಳಿಗೆ ಹೇಳಿದ್ದಿಲ್ಲ.

ಅಮೆರಿಕದಲ್ಲಿ 1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಬಂದಾಗ ಸಣ್ಣ ಊರುಗಳ ಕಮ್ಮಾರರು, ಕುದುರೆ ಲಾಯದವರು ರಿಪೇರಿಗೆ ಇಳಿದರು. ನಮ್ಮಲ್ಲೂ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಕುಲುಮೆಗಳಿದ್ದವು. ಆದರೆ ಸ್ವಂತ ಕಾರುಳ್ಳವರು ಬೆರಳೆಣಿಕೆ. ಹೀಗಾಗಿ ನಮ್ಮ ಗ್ಯಾರೇಜು ಬಸ್ಸು, ಲಾರಿಗಳ ಆಸರೆಯಲ್ಲಿ ಬೆಳೆಯಿತು. ಮಂಗಳೂರಿನಲ್ಲಿ 1914ರಲ್ಲೇ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಬಸ್ಸು ಓಡಿಸತೊಡಗಿತ್ತು.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಆಗ ಬಸ್ಸಿನ ಹಿಂದೆ ಹಂಡೆಯಂಥ ಒಲೆ ಕಟ್ಟಿ, ಇದ್ದಿಲು ತುಂಬಿ, ಕೈಯಿಂದ ಫ್ಯಾನ್ ತಿರುಗಿಸಿ ಬೆಂಕಿ ಮಾಡುತ್ತಿದ್ದರು. ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡನ್ನು ತಣಿಸಿ, ಸೋಸಿ ಎಂಜಿನ್ನಿಗೆ ಬಿಡಬೇಕು. ಪೆಟ್ರೋಲಿನಷ್ಟು ಶಕ್ತಿ ಅದಕ್ಕಿಲ್ಲ. ದಿಣ್ಣೆ ಬಂದರೆ ಪ್ರಯಾಣಿಕರೇ ಇಳಿದು ತಳ್ಳಬೇಕು! ಸೋಸುವುದರಲ್ಲಿ ಸ್ವಲ್ಪ ತಪ್ಪಿದರೂ ಬೂದಿ, ಮಸಿ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗುಗಳು ಸವೆಯುತ್ತಿದ್ದವು. ಎಂಜಿನ್ ಬಿಚ್ಚುವುದು, ಜೋಡಿಸುವುದು ಪದೇ ಪದೇ ಬರುವ ಕೆಲಸವಾಯಿತು. ನನ್ನ ಮಟ್ಟಿಗೆ ನಮ್ಮ ಮೆಕ್ಯಾನಿಕರ ನಿಜವಾದ ಶಾಲೆ ಈ ಇದ್ದಿಲು ಬಸ್ಸೇ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಂಪನಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ತಯಾರಿಸಿತು. ಡೀಸೆಲ್ ಪಂಪಿನ ಕೆಲಸವೇ ಬೇರೊಂದು ಕಸುಬಾಯಿತು.

ಗ್ಯಾರೇಜಿನ ಮಾತು ಕೇಳಿದ್ದೀರಾ? ಉಸ್ತಾದ್, ಶಾಗಿರ್ದ್, ಪಾನಾ. ಉರ್ದು ಕಲಿಸುವ ನನಗೆ ಇದು ಹೆಮ್ಮೆಯೂ ಹೌದು, ನೋವೂ ಹೌದು. ಸಂಗೀತಗಾರನಿಗಿರುವ 'ಉಸ್ತಾದ್' ಎಂಬ ಗೌರವವೇ ಮೆಕ್ಯಾನಿಕನಿಗೂ ಇದೆ. ಆದರೆ ಶಾಗಿರ್ದನಾಗಿ ಸೇರಿದವನು ಎಷ್ಟೋ ಸಲ ಶಾಲೆ ಬಿಟ್ಟ ಬಾಲಕ. ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವುದರಿಂದ ಅವನ ಪಾಠ ಶುರು. ವರ್ಷಗಟ್ಟಲೆ ದುಡಿದರೂ ಕೈಯಲ್ಲೊಂದು ಪ್ರಮಾಣಪತ್ರವಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ದೊಡ್ಡ ಕಾರ್ಖಾನೆಗಳನ್ನು ಮುಟ್ಟಿತು, ಈ ತಗಡಿನ ಶೆಡ್ಡುಗಳನ್ನಲ್ಲ. 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧದ ಪಟ್ಟಿಗೆ ಮುಂದೆ ಗ್ಯಾರೇಜೂ ಸೇರಿತು.

2020ರ ಏಪ್ರಿಲ್‌ನಿಂದ ಬಿಎಸ್-6 ವಾಹನಗಳು ಬಂದಿವೆ. ಕಿವಿಗೊಟ್ಟು ದೋಷ ಹಿಡಿಯುತ್ತಿದ್ದ ಉಸ್ತಾದರ ಮುಂದೆ ಈಗ ಸ್ಕ್ಯಾನರ್ ಇದೆ. ಐಟಿಐ ಸೇರಿ ಈ ಕೆಲಸ ಕಲಿಯೋಣವೆಂದರೆ ಮೋಟಾರ್ ಮೆಕ್ಯಾನಿಕ್ ವಿಭಾಗಕ್ಕೆ ಎಸ್ಸೆಸ್ಸೆಲ್ಸಿ ಬೇಕು.

ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಗ್ಯಾರೇಜಿನಲ್ಲಿದ್ದಾನೆ. ನಟ್ಟು ನೋಡಿದೊಡನೆ ಹದಿನಾಲ್ಕೋ ಹದಿನೇಳೋ ಎಂದು ಪಾನಾ ಎತ್ತಿಕೊಳ್ಳುತ್ತಾನೆ. ಕಳೆದ ತಿಂಗಳು ಮನೆಗೆ ಬಂದ. ಸ್ಕ್ಯಾನರಿನ ಪರದೆಯ ಮೇಲೆ ಬಂದ ಇಂಗ್ಲಿಷ್ ಪದಗಳನ್ನು ಅಕ್ಷರ ಅಕ್ಷರವಾಗಿ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದ. "ಸರ್, ಇದರ ಅರ್ಥ ಉರ್ದುವಲ್ಲೋ ಕನ್ನಡದಲ್ಲೋ ಬರೆದುಕೊಡಿ" ಎಂದ. ಇಬ್ಬರೂ ಕುಳಿತು ಬರೆದೆವು. ಹೊರಡುವಾಗ, ಖಾಸಗಿಯಾಗಿ ಹತ್ತನೆಯ ತರಗತಿ ಪರೀಕ್ಷೆ ಕಟ್ಟಲು ಎಷ್ಟು ಶುಲ್ಕವೆಂದು ಕೇಳಿದ.