ಆಯಿಲ್ ಬದಲಿಸಿದ ಮೇಲೆ ಲಿಫ್ಟ್ ಯಾಕೆ ಏಳಲ್ಲ? ಅದರ ಹಿಂದಿನ ನೂರು ವರ್ಷದ ಕಥೆ

ಮುಂಗಾರಿಗೆ ಮುಂಚೆ ಟ್ರ್ಯಾಕ್ಟರ್ ಸರ್ವಿಸ್ ಮಾಡಿಸೋದು ನಮ್ಮೆಲ್ಲರ ರೂಢಿ. ಗಂಟೆ ತುಂಬಿದ್ರೆ ಇಂಜಿನ್ ಆಯಿಲ್ ಜೊತೆಗೆ ಹಿಂದಿನ ಹೌಸಿಂಗ್ ಆಯಿಲ್ಲೂ ಬದಲಾಗುತ್ತೆ. ಮಾರನೇ ದಿನ ಕಲ್ಟಿವೇಟರ್ ಕಟ್ಟಿ ಲಿವರ್ ಎಳೆದ್ರೆ ಲಿಫ್ಟ್ ಏಳೋದೇ ಇಲ್ಲ. ಇಲ್ಲಾಂದ್ರೆ ಅರ್ಧಕ್ಕೆ ಎದ್ದು ನಡುಗುತ್ತಾ ನಿಲ್ಲುತ್ತೆ. ನಮ್ಮ ಸುತ್ತಮುತ್ತ ಇಂಥ ಗಾಡಿ ಕೆಲವನ್ನ ನಾನೇ ನಿಂತು ನೋಡಿದೀನಿ. ಎಲ್ಲದಕ್ಕೂ ಮೊದಲು ಬಂದ ಮಾತು ಒಂದೇ: "ಪಂಪ್ ಹೋಗಿದೆ, ಹೊಸದು ಹಾಕಿಸಿ." ಆದ್ರೆ ನಾನು ನೋಡಿದ ಯಾವುದರಲ್ಲೂ ಪಂಪ್ ಹೋಗಿರಲಿಲ್ಲ.

ಪಂಪ್ ಬದಲಿಸೋದು ಅಂದ್ರೆ ದುಡ್ಡಿನ ಲೆಕ್ಕ ಒಂದೇ ಅಲ್ಲ. ಹೌಸಿಂಗ್ ಬಿಚ್ಚಬೇಕು, ಪಾರ್ಟ್ ಬರಬೇಕು, ಮೆಕ್ಯಾನಿಕ್ ಸಿಗಬೇಕು. ಅಷ್ಟರಲ್ಲಿ ಹದ ಹೋಗಿರುತ್ತೆ. ಎರೆ ಹೊಲದಲ್ಲಿ ಹದ ನಮಗೋಸ್ಕರ ಕಾಯಲ್ಲ. ಅದಕ್ಕೇ ಈ ಲಿಫ್ಟ್ ಎಲ್ಲಿಂದ ಬಂತು, ಇದರ ಪಂಪನ್ನ ಯಾಕೆ ಅಲ್ಲಿ ಇಟ್ರು, ಒಂದೇ ಆಯಿಲ್ ಯಾಕೆ ಎಲ್ಲಾ ಕೆಲಸ ಮಾಡುತ್ತೆ ಅನ್ನೋದನ್ನ ಬರೀತಿದೀನಿ. ಕಥೆ ಗೊತ್ತಿದ್ರೆ ಎಲ್ಲಿ ಹುಡುಕಬೇಕು ಅನ್ನೋದೂ ಗೊತ್ತಾಗುತ್ತೆ.

ಎತ್ತಿನ ಹಾಗೆ ಎಳೆಯುತ್ತಿದ್ದ ಕಾಲ

1917ರಲ್ಲಿ ಅಮೆರಿಕದಲ್ಲಿ ಹೆನ್ರಿ ಫೋರ್ಡ್ ಕಂಪನಿಯ ಫೋರ್ಡ್ಸನ್ ಟ್ರ್ಯಾಕ್ಟರ್ ಬಂತು. ಕಡಿಮೆ ಬೆಲೆ, ಸಾವಿರಾರು ಗಾಡಿ ಹೋದವು. ಆದ್ರೆ ಅದಕ್ಕೆ ನೇಗಿಲು ಕಟ್ಟುತ್ತಿದ್ದ ರೀತಿ ಎತ್ತಿಗೆ ಕಟ್ಟಿದ ಹಾಗೇ ಇತ್ತು. ಹಿಂದೆ ಕೊಕ್ಕೆ ಹಾಕಿ ಎಳೆಯೋದು, ಅಷ್ಟೇ. ಎತ್ತಾದ್ರೆ ನೇಗಿಲು ಕಲ್ಲಿಗೆ ಸಿಕ್ಕಾಗ ನಿಲ್ಲುತ್ತೆ. ಟ್ರ್ಯಾಕ್ಟರ್ ನಿಲ್ಲಲ್ಲ. ನೇಗಿಲು ಸಿಕ್ಕಿಕೊಂಡ್ರೆ ಹಿಂದಿನ ಗಾಲಿ ನಿಂತು, ಇಂಜಿನ್ನಿನ ಶಕ್ತಿ ಗಾಡಿಯ ಮೂತಿಯನ್ನ ಮೇಲಕ್ಕೆ ಎತ್ತಿ, ಡ್ರೈವರ್ ಮೇಲೇ ಹಿಂದಕ್ಕೆ ಮಗುಚುತ್ತಿತ್ತು. ಹಾಗೆ ಸತ್ತವರು ಬಹಳ ಜನ.

ಅದೇ 1917ರಲ್ಲಿ, ಮೊದಲನೇ ಮಹಾಯುದ್ಧದ ಆಹಾರದ ಕೊರತೆ ಕಾಲದಲ್ಲಿ, ಐರ್ಲೆಂಡಿನ ಕೃಷಿ ಮಂಡಳಿ ಒಬ್ಬ ಮೆಕ್ಯಾನಿಕ್‌ನ ಕರೆದು "ಊರೂರು ಸುತ್ತಿ ಟ್ರ್ಯಾಕ್ಟರ್ ಕೆಲಸ ನೋಡಿ ಸರಿಮಾಡು" ಅಂತ ಕಳಿಸ್ತು. ಅವನೇ ಹ್ಯಾರಿ ಫರ್ಗ್ಯೂಸನ್. 1884ರಲ್ಲಿ ಐರ್ಲೆಂಡಿನ ಡೌನ್ ಜಿಲ್ಲೆಯ ರೈತರ ಮನೆಯಲ್ಲಿ ಹುಟ್ಟಿದವನು. ಬೆಲ್ಫಾಸ್ಟ್‌ನಲ್ಲಿ ಕಾರು, ಮೋಟಾರ್‌ಸೈಕಲ್ ರಿಪೇರಿ ಮಾಡ್ಕೊಂಡಿದ್ದ. 1909ರ ಕೊನೇ ದಿನ ತಾನೇ ಕಟ್ಟಿದ ವಿಮಾನ ಹಾರಿಸಿ ಐರ್ಲೆಂಡಿನಲ್ಲಿ ಮೊದಲು ಹಾರಿದವನು ಅನಿಸಿಕೊಂಡಿದ್ದ.

ಊರು ಸುತ್ತಿದ ಮೇಲೆ ಅವನಿಗೆ ಗೊತ್ತಾಗಿದ್ದು ಇಷ್ಟು: ಟ್ರ್ಯಾಕ್ಟರ್ ಬೇರೆ, ನೇಗಿಲು ಬೇರೆ ಅಂತ ಇರೋವರೆಗೆ ಈ ಕೆಲಸ ಸರಿಹೋಗಲ್ಲ. ಎರಡೂ ಸೇರಿ ಒಂದೇ ಯಂತ್ರ ಆಗಬೇಕು. ಮುಂದಿನ ಹತ್ತು ವರ್ಷ ಅದಕ್ಕೇ ಹೋಯ್ತು. 1926ರಲ್ಲಿ ಅವನಿಗೆ ಸಿಕ್ಕ ಪೇಟೆಂಟ್‌ನಲ್ಲಿ ನಾವು ಇವತ್ತು ಡ್ರಾಫ್ಟ್ ಕಂಟ್ರೋಲ್ ಅನ್ನೋದರ ಬೇರು ಇದೆ. ನೇಗಿಲು ಗಟ್ಟಿ ನೆಲಕ್ಕೆ ಬಂದ್ರೆ ಮೇಲಿನ ಟಾಪ್ ಲಿಂಕ್ ಮುಂದಕ್ಕೆ ಒತ್ತುತ್ತೆ. ಆ ಒತ್ತು ವಾಲ್ವ್‌ಗೆ ಮುಟ್ಟುತ್ತೆ. ವಾಲ್ವ್ ತೆರೆದು ಆಯಿಲ್ ಹೋಗಿ ಲಿಫ್ಟ್ ನೇಗಿಲನ್ನ ಚೂರು ಎತ್ತುತ್ತೆ. ಎತ್ತಿದ ಭಾರ ಹಿಂದಿನ ಗಾಲಿ ಮೇಲೆ ಬಿದ್ದು ಹಿಡಿತ ಜಾಸ್ತಿಯಾಗುತ್ತೆ. ಟಾಪ್ ಲಿಂಕ್ ಮುಂದಕ್ಕೆ ಒತ್ತೋದ್ರಿಂದ ಮೂತಿ ಮೇಲೇಳೋದೂ ತಪ್ಪುತ್ತೆ. ಲಿಫ್ಟ್ ಅಂದ್ರೆ ಸಾಮಾನು ಎತ್ತೋ ಕೈ ಅಂತ ನಾವು ತಿಳ್ಕೊಂಡಿದೀವಿ. ಅದು ಹುಟ್ಟಿದ್ದು ಆಳ ಕಾಯೋಕೆ, ಹಿಡಿತ ಕೊಡೋಕೆ, ಜೀವ ಉಳಿಸೋಕೆ.

ಪಂಪ್ ಹೌಸಿಂಗ್ ಒಳಗೆ ಹೋಗಿದ್ದು

1933ರಲ್ಲಿ ಫರ್ಗ್ಯೂಸನ್ ಒಂದು ಮಾದರಿ ಗಾಡಿ ಕಟ್ಟಿದ. ಪೂರಾ ಕಪ್ಪು ಬಣ್ಣ, ಹಾಗಾಗಿ ಬ್ಲ್ಯಾಕ್ ಟ್ರ್ಯಾಕ್ಟರ್ ಅಂತಲೇ ಹೆಸರು. ಲಂಡನ್ನಿನ ಸೈನ್ಸ್ ಮ್ಯೂಸಿಯಂ ಸಂಗ್ರಹಕ್ಕೆ ಅದು ಸೇರಿದೆ. 1936ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೌನ್ ಕಂಪನಿ ಅದನ್ನ ಮಾರಾಟಕ್ಕೆ ತಂತು. ಆ ಗಾಡಿಯಲ್ಲಿ ಪಂಪ್ ಗೇರ್ ಬಾಕ್ಸ್‌ನಿಂದ ತಿರುಗುತ್ತಿತ್ತು. ಗಾಡಿ ಹೋಗ್ತಾ ಇದ್ರೆ ಮಾತ್ರ ಲಿಫ್ಟ್, ನಿಂತ್ರೆ ಇಲ್ಲ. ತಿರುವಿನಲ್ಲಿ ನಿಲ್ಲಿಸಿ ನೇಗಿಲು ಎತ್ತೋಕೆ ಆಗ್ತಿರಲಿಲ್ಲ.

1938ರಲ್ಲಿ ಫರ್ಗ್ಯೂಸನ್ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡ್‌ಗೆ ಗಾಡಿ ಓಡಿಸಿ ತೋರಿಸಿದ. ಕಾಗದ ಪತ್ರ ಇಲ್ಲದೆ ಕೈ ಕುಲುಕಿ ಒಪ್ಪಂದ ಆಯ್ತು. 1939ರ ಜೂನ್‌ನಲ್ಲಿ ಫೋರ್ಡ್ 9ಎನ್ ಬಂತು. ಇದರಲ್ಲಿ ಪಂಪ್ ಪಿಟಿಒ ಶಾಫ್ಟ್‌ನಿಂದ ತಿರುಗುತ್ತೆ. ಗಾಡಿ ನಿಂತಿದ್ರೂ ಪಿಟಿಒ ಲಿವರ್ ಹಾಕಿ ಕ್ಲಚ್ ಬಿಟ್ಟಿದ್ರೆ ಲಿಫ್ಟ್ ಏಳುತ್ತೆ. 1946ರಿಂದ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಫರ್ಗ್ಯೂಸನ್ ಟಿಇ20ಯಲ್ಲೂ ಇದೇ ವ್ಯವಸ್ಥೆ. ಹತ್ತು ವರ್ಷದಲ್ಲಿ ಅದು ಐದು ಲಕ್ಷಕ್ಕೂ ಹೆಚ್ಚು ತಯಾರಾಯ್ತು.

ಈ ಗಾಡಿಗಳಲ್ಲಿ ಮೂರು ವಿಷಯ ಗಮನಿಸ್ರಿ. ಒಂದು, ಪಂಪ್ ಆಯಿಲ್ ಒಳಗೇ ಮುಳುಗಿ ಕೂತಿದೆ. ಎರಡು, ಗೇರ್, ಡಿಫರೆನ್ಷಿಯಲ್, ಲಿಫ್ಟ್ ಎಲ್ಲಕ್ಕೂ ಒಂದೇ ಆಯಿಲ್. ಮೂರು, ವಾಲ್ವ್ ಇರೋದು ಪಂಪ್ ಆಯಿಲ್ ಹೀರೋ ಬದಿಗೆ. ವಾಲ್ವ್ ಮುಚ್ಚಿದ್ರೆ ಪಂಪ್‌ಗೆ ಆಯಿಲ್ ಸಿಗಲ್ಲ, ಅದು ಸುಮ್ಮನೆ ತಿರುಗುತ್ತೆ, ಆಯಿಲ್ ಕಾಯಲ್ಲ. ಜಾಣತನದ ಕೆಲಸ. ಆದ್ರೆ ಹೀರೋ ಬದಿಗೆ ಆಯಿಲ್ ತಳ್ಳೋ ಶಕ್ತಿ ಸುತ್ತಲಿನ ಗಾಳಿಯ ಒತ್ತಡ ಒಂದೇ, ಹತ್ರಹತ್ರ ಚದರ ಸೆಂಟಿಮೀಟರ್‌ಗೆ ಒಂದು ಕೆಜಿ. ಅದೇ ತಳ್ಳೋ ಬದಿಗೆ ಇವತ್ತಿನ ಬಹಳ ಗಾಡಿಗಳಲ್ಲಿ 150 ಕೆಜಿಗೂ ಮೇಲೆ ಇರುತ್ತೆ. ಅದಕ್ಕೇ ಹೀರೋ ಬದಿಯಲ್ಲಿ ಸಣ್ಣ ಅಡ್ಡಿ ಬಂದ್ರೂ ಲಿಫ್ಟ್ ಕೈಕೊಡುತ್ತೆ. ಆಯಿಲ್ ಬದಲಿಸುವಾಗ ನಾವು ಕೈ ಹಾಕೋದೂ ಇದೇ ಬದಿಗೆ: ಆಯಿಲ್, ಜಾಲರಿ, ಫಿಲ್ಟರ್.

ಕೋರ್ಟಿನಿಂದ ಬೇರೆಯಾದ ಎರಡು ವಂಶ

ಹೆನ್ರಿ ಫೋರ್ಡ್ ಮೊಮ್ಮಗನ ಕೈಗೆ ಕಂಪನಿ ಬಂದ ಮೇಲೆ ಕೈ ಕುಲುಕಿದ ಒಪ್ಪಂದ ಮುರೀತು. ಫೋರ್ಡ್ 1947ರಲ್ಲಿ ಫರ್ಗ್ಯೂಸನ್‌ನ ಬಿಟ್ಟು 8ಎನ್ ಗಾಡಿ ತಂತು, ಲಿಫ್ಟ್ ವಿದ್ಯೆ ಮಾತ್ರ ಅವನದೇ. ಫರ್ಗ್ಯೂಸನ್ ಕೋಟ್ಯಂತರ ಡಾಲರ್‌ಗೆ ದಾವೆ ಹಾಕಿದ. 1952ರಲ್ಲಿ 92.5 ಲಕ್ಷ ಡಾಲರ್‌ಗೆ ರಾಜಿ ಆಯ್ತು. ರಾಜಿಯಲ್ಲಿ ಇನ್ನೊಂದು ಷರತ್ತಿತ್ತು: ಹೀರೋ ಬದಿಗೆ ವಾಲ್ವ್ ಇಟ್ಟ ಆ ಪಂಪನ್ನ ಫೋರ್ಡ್ ಇನ್ನು ಮಾಡೋ ಹಾಗಿಲ್ಲ.

ಅಲ್ಲಿಂದ ದಾರಿ ಎರಡಾಯ್ತು. 1953ರ ಫೋರ್ಡ್ ಎನ್‌ಎಎ ಗಾಡಿಯಲ್ಲಿ ಪಂಪ್ ಇಂಜಿನ್ ಹತ್ರ ಬಂತು. ಕ್ಲಚ್ ಒತ್ತಿದ್ರೂ ಇಂಜಿನ್ ಓಡ್ತಿದ್ರೆ ಲಿಫ್ಟ್ ಏಳುತ್ತೆ. ಇದಕ್ಕೇ ಲೈವ್ ಹೈಡ್ರಾಲಿಕ್ ಅನ್ನೋದು. ಈ ಅನುಕೂಲಕ್ಕೆ ತೆತ್ತ ಬೆಲೆ, ಹಿಂದಿನ ಹೌಸಿಂಗ್‌ನಿಂದ ಮುಂದಿನ ಪಂಪ್‌ವರೆಗೆ ಹೋಗೋ ಉದ್ದನೆ ಸಕ್ಷನ್ ಪೈಪು. ಇವತ್ತು ನಮ್ಮ ಹೊಲಗಳಲ್ಲಿ ಓಡೋ ಬಹಳ ಗಾಡಿಗಳಲ್ಲಿ ಇಂಜಿನ್ ಬದಿಗೆ ಗೇರ್ ಪಂಪ್, ಉದ್ದ ಪೈಪು ಇರೋದು ಇದೇ ಪದ್ಧತಿ.

ಫರ್ಗ್ಯೂಸನ್ 1953ರಲ್ಲಿ ಕೆನಡಾದ ಮ್ಯಾಸಿ ಹ್ಯಾರಿಸ್ ಜೊತೆ ಸೇರಿದ. ಮ್ಯಾಸಿ ಫರ್ಗ್ಯೂಸನ್ ಹೆಸರು ಹುಟ್ಟಿದ್ದು ಹಾಗೆ. ಪಂಪ್ ಒಳಗೇ ಉಳೀತು. ಎರಡು ಹಂತದ ಕ್ಲಚ್ ಹಾಕಿ ಲೈವ್ ಮಾಡಿಕೊಂಡ್ರು. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಾಫೆ ಅವರ ಸಹಯೋಗದಲ್ಲಿ ಗಾಡಿ ಮಾಡ್ತು. ನಮ್ಮ ಕಡೆ ಈಗಲೂ ಕಾಣೋ ಹಳೇ 1035 ಈ ವಂಶದ್ದು.

ಆದ್ದರಿಂದ ಮೊದಲ ಪ್ರಶ್ನೆ: ನಿಮ್ಮ ಗಾಡಿ ಪಂಪ್ ಎಲ್ಲಿದೆ? ಒಳಗಿದ್ರೆ ಮೊದಲು ಆಯಿಲ್ ಮಟ್ಟ, ಜಾಲರಿ, ಪಿಟಿಒ ಲಿವರ್ ನೋಡ್ರಿ. ಹೊರಗಿದ್ರೆ ಮಟ್ಟದ ಜೊತೆ ಫಿಲ್ಟರ್ ರಬ್ಬರ್ ರಿಂಗು, ಸಕ್ಷನ್ ಪೈಪು.

ಒಂದೇ ಆಯಿಲ್, ಮತ್ತು ತಿಮಿಂಗಿಲ

ಆಮೇಲಿನ ವರ್ಷಗಳಲ್ಲಿ ಬ್ರೇಕೂ ಆಯಿಲ್ ಒಳಗೆ ಬಂತು. ಈಗ ಒಂದೇ ಆಯಿಲ್ ಗೇರಿಗೆ ದಪ್ಪ ಪದರ ಆಗಬೇಕು, ಪಂಪ್‌ಗೆ ಸಲೀಸಾಗಿ ಹರೀಬೇಕು, ಬ್ರೇಕ್ ಪ್ಲೇಟು ಕಿರುಚದ ಹಾಗೆ ಹಿಡೀಬೇಕು. 1960ರ ದಶಕದಲ್ಲಿ ಅಮೆರಿಕದ ಜಾನ್ ಡಿಯರ್ ಇದಕ್ಕೆ 303 ಅನ್ನೋ ಆಯಿಲ್ ಮಾಡಿತ್ತು. ಅದರಲ್ಲಿ ಒಂದು ಜಾತಿ ತಿಮಿಂಗಿಲದ ಎಣ್ಣೆ ಬೆರೆಸ್ತಿದ್ರು. 1970ರ ದಶಕದ ಶುರುವಿನಲ್ಲಿ ಅಮೆರಿಕ ಆ ಎಣ್ಣೆ ನಿಷೇಧಿಸ್ತು, ಆಯಿಲ್ ನಿಂತುಹೋಯ್ತು. ಹೆಸರು ಮಾತ್ರ ಸಾಯಲಿಲ್ಲ. ಬೇರೆಯವರು ಹಳದಿ ಡಬ್ಬಿ ಮೇಲೆ 303 ಅಂತ ಬರೆದು ಕಡಿಮೆ ಬೆಲೆಗೆ ಏನೇನೋ ಮಾರ್ತಾ ಬಂದ್ರು. 2017ರಲ್ಲಿ ಮಿಸೌರಿ ರಾಜ್ಯದ ಕೃಷಿ ಇಲಾಖೆ ಪರೀಕ್ಷೆ ಮಾಡಿಸಿ ಆ ಹೆಸರಿನ ಆಯಿಲ್ ಮಾರಾಟವನ್ನೇ ನಿಲ್ಲಿಸ್ತು.

ಇದರಿಂದ ನಮಗೆ ಪಾಠ: "ಎಲ್ಲಾ ಟ್ರ್ಯಾಕ್ಟರಿಗೂ ಆಗುತ್ತೆ" ಅನ್ನೋ ಡಬ್ಬಿ ನಂಬಬೇಡ್ರಿ. ಗಾಡಿ ಪುಸ್ತಕದಲ್ಲಿ ಕೊಟ್ಟ ದರ್ಜೆ ಡಬ್ಬಿ ಮೇಲೆ ಇದೆಯಾ ನೋಡ್ರಿ. ಆಯಿಲ್ ಬ್ರೇಕ್ ಗಾಡಿಗೆ ಬರೀ 90 ನಂಬರ್ ಗೇರ್ ಆಯಿಲ್ ಸುರಿದ್ರೆ ಬೆಳಗ್ಗೆ ತಣ್ಣಗಿದ್ದಾಗ ಲಿಫ್ಟ್ ನಿಧಾನ, ಬ್ರೇಕ್ ಒತ್ತಿದ್ರೆ ಕಿರ್ ಅನ್ನೋ ಸದ್ದು. ಬಿಸಿಯಾದ ಮೇಲೆ ಲಿಫ್ಟ್ ಸರಿಹೋಗುತ್ತೆ ಅಂದ್ರೆ ದಪ್ಪ ಆಯಿಲ್ ಮೇಲೆ ಅನುಮಾನ ಪಡ್ರಿ.

ಈಗ ಹುಡುಕೋ ಕ್ರಮ

1. ಲಿವರ್‌ಗಳು. ಸರ್ವಿಸ್‌ನಲ್ಲಿ ಯಾರೋ ಪಿಟಿಒ ನ್ಯೂಟ್ರಲ್ ಮಾಡಿರಬಹುದು. ಪಂಪ್ ಒಳಗಿರೋ ಹಳೇ ಗಾಡಿಗೆ ಅಷ್ಟೇ ಸಾಕು ಲಿಫ್ಟ್ ಸಾಯೋಕೆ. ಟಿಪ್ಪಿಂಗ್ ಟ್ರೇಲರ್‌ಗೆ ಆಯಿಲ್ ತಿರುಗಿಸೋ ನಾಬ್ ಇದ್ರೆ ಅದು ಯಾವ ಕಡೆ ಇದೆ ನೋಡ್ರಿ.

2. ಮಟ್ಟ. ಗಾಡಿ ಸಮತಟ್ಟು ಜಾಗದಲ್ಲಿ, ಲಿಫ್ಟ್ ಕೆಳಗೆ, ಟ್ರೇಲರ್ ಇದ್ರೆ ಅದರ ಜಾಕೂ ಕೆಳಗೆ. ತುಂಬಿಸಿದ ತಕ್ಷಣ ನೋಡಿದ ಗೆರೆ ಲೆಕ್ಕಕ್ಕಿಲ್ಲ. ಆಯಿಲ್ ಗೇರ್ ಬಾಕ್ಸ್‌ನಿಂದ ಹಿಂದಕ್ಕೆ ಹರಿಯೋಕೆ, ಫಿಲ್ಟರ್, ಪೈಪು ತುಂಬೋಕೆ ಹೊತ್ತು ಬೇಕು. ಸ್ವಲ್ಪ ಓಡಿಸಿ, ಲಿಫ್ಟ್ ಇಳಿಸಿ, ನಿಲ್ಲಿಸಿ ಮತ್ತೆ ನೋಡ್ರಿ. ಬಹಳ ಸಲ ಕಥೆ ಇಲ್ಲಿಗೇ ಮುಗಿಯುತ್ತೆ.

3. ಗಾಳಿ. ತಳ್ಳೋ ಬದಿ ಸೋರಿದ್ರೆ ಆಯಿಲ್ ನೆಲಕ್ಕೆ ಬೀಳುತ್ತೆ, ಕಣ್ಣಿಗೆ ಕಾಣುತ್ತೆ. ಹೀರೋ ಬದಿ ಸೋರಿದ್ರೆ ಇಂಜಿನ್ ಓಡುವಾಗ ಹನಿಯೂ ಬೀಳದೇ ಇರಬಹುದು, ಅದು ಗಾಳಿಯನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಗುರುತು: ಪಂಪ್ ಕೊರಗೋ ಸದ್ದು, ಲಿಫ್ಟ್ ನಡುಗೋದು, ಆಯಿಲ್ ನೊರೆ ನೊರೆ. ಹಳೇ ರಬ್ಬರ್ ರಿಂಗ್ ಅಂಟಿಕೊಂಡೇ ಇದ್ದು ಅದರ ಮೇಲೆ ಹೊಸದು ಕೂತಿದೆಯಾ, ರಿಂಗ್ ಮಡಚಿದೆಯಾ, ಪೈಪಿನ ಕ್ಲಿಪ್ ಸಡಿಲ ಇದೆಯಾ ನೋಡ್ರಿ. ಅನುಮಾನದ ಜಾಗಕ್ಕೆ ಸುತ್ತ ಗ್ರೀಸ್ ಮೆತ್ತಿ ಓಡಿಸಿ. ಸದ್ದು ಬದಲಾದ್ರೆ ಕಳ್ಳ ಸಿಕ್ಕ.

4. ಹಾಲಿನ ಬಣ್ಣ. ಗಾಜಿನ ಬಾಟಲಿಗೆ ಸ್ವಲ್ಪ ಆಯಿಲ್ ಹಿಡಿದು ಇಡ್ರಿ. ಗಾಳಿಯಾದ್ರೆ ಗುಳ್ಳೆ ಮೇಲೆ ಬಂದು ತಿಳಿಯಾಗುತ್ತೆ. ಹೊತ್ತಾದ್ರೂ ಹಾಲಿನ ಬಣ್ಣ ಹೋಗದಿದ್ರೆ, ತಳದಲ್ಲಿ ನೀರು ಕೂತ್ರೆ, ಹಳೇ ಆಯಿಲ್ ಪೂರ್ತಿ ಇಳಿದಿಲ್ಲ. ಆ ಫೋರ್ಡ್ 8ಎನ್‌ಗೇ ಮೂರು ಡ್ರೈನ್ ಬೋಲ್ಟ್ ಇದ್ದವು. ನಿಮ್ಮ ಗಾಡಿಗೆ ಎಷ್ಟಿವೆ ಅಂತ ಪುಸ್ತಕ ನೋಡಿ, ಎಲ್ಲಾ ಬಿಚ್ಚಿದ್ರಾ ಕೇಳ್ರಿ.

5. ಫಿಲ್ಟರ್, ಜಾಲರಿ. ಒಳಗೆ ಒರೆಸಿದ ಬಟ್ಟೆಯ ನೂಲು ಜಾಲರಿಗೆ ಸುತ್ತಿಕೊಂಡ್ರೂ ಸಾಕು. ಅಳತೆ ಒಂದೇ ಕಾಣೋ ಬೇರೆ ಫಿಲ್ಟರ್ ಹಾಕಿದ್ದಾರಾ, ಹಳೇದರ ಪಕ್ಕ ಇಟ್ಟು ನೋಡ್ರಿ. ಹಳೇ ಫಿಲ್ಟರನ್ನ ಎಸೆಯೋಕೆ ಬಿಡಬೇಡ್ರಿ.

6. ಇಷ್ಟೂ ಸರಿ ಇದ್ದು ಲಿಫ್ಟ್ ಏಳದಿದ್ರೆ ಪ್ರೆಷರ್ ಗೇಜ್ ಹಾಕಿಸಿ. ಪುಸ್ತಕದಲ್ಲಿರೋ ಒತ್ತಡ ಬರ್ತಿದ್ರೆ ಪಂಪ್ ಚೆನ್ನಾಗಿದೆ, ತೊಂದರೆ ಮುಂದೆ ಸಿಲಿಂಡರ್ ಕಡೆ. ಬರದಿದ್ರೆ ರಿಲೀಫ್ ವಾಲ್ವ್ ನೋಡಿ, ಆಮೇಲೆ ಪಂಪ್ ಮಾತು. ಗೇಜ್ ಹಾಕದೆ ಪಂಪ್ ಬಿಚ್ಚೋಕೆ ಯಾರಿಗೂ ಒಪ್ಪಬೇಡ್ರಿ.

ಹುಡುಕುವಾಗ ಎತ್ತಿದ ಕಲ್ಟಿವೇಟರ್ ಕೆಳಗೆ ತೂರಬೇಡಿ. ಒತ್ತಡದ ಪೈಪಿನ ಸೋರಿಕೆಯನ್ನ ಕೈಯಿಂದ ಮುಟ್ಟಿ ನೋಡಬೇಡಿ, ರಟ್ಟಿನ ತುಂಡು ಹಿಡೀರಿ. ಸೂಜಿಯಷ್ಟು ಸಣ್ಣ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತೆ. ಹೋದ್ರೆ ನೋವು ಇರಲಿ ಬಿಡಲಿ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ಬೆರಳು ಕಳೆದುಕೊಂಡವರಿದ್ದಾರೆ.

ಕೊನೇದಾಗಿ, ಸರ್ವಿಸ್ ಆದ ದಿನವೇ ಉಪಕರಣ ಕಟ್ಟಿ ಹತ್ತು ಸಲ ಎತ್ತಿ ಇಳಿಸಿ ನೋಡಿ. ಬಿತ್ತನೆ ದಿನಕ್ಕೆ ಅದನ್ನ ಬಿಡಬೇಡಿ. ಮಡ್‌ಗಾರ್ಡ್ ಒಳಬದಿಗೆ ಪೇಂಟಿನಲ್ಲಿ ನಾಲ್ಕು ವಿಷಯ ಬರೆದಿಡ್ರಿ: ಆಯಿಲ್ ದರ್ಜೆ, ಎಷ್ಟು ಲೀಟರ್, ಎಷ್ಟು ಡ್ರೈನ್ ಬೋಲ್ಟ್, ಬದಲಿಸಿದ ಗಂಟೆ. ಮುಂದಿನ ಸಲ ಯಾರೇ ಕೈ ಹಾಕಿದ್ರೂ ಅದನ್ನ ಓದಿಯೇ ಹಾಕಲಿ.