ಬೂಷ್ಟು ಹಿಡಿದ ಅಕ್ಕಿಯಿಂದ ಚಿಕ್ಕಪ್ಪನ ಮಾತ್ರೆವರೆಗೆ

ಮೊನ್ನೆ ಊರಿಗೆ ಹೋಗಿದ್ದಾಗ ನೋಡಿದೆ, ಚಿಕ್ಕಪ್ಪನ ಔಷಧಿ ಡಬ್ಬಿಯಲ್ಲಿ ಒಂದು ಸ್ಟ್ರಿಪ್ ಮಾತ್ರ ಒಡೆಯದೆ ಹಾಗೇ ಕೂತಿತ್ತು. ಕೇಳಿದರೆ, "ಅದು ಕೊಲೆಸ್ಟ್ರಾಲ್ ಮಾತ್ರೆ ಕಣೋ. ಕಾಲು ಸೆಳೀತಿತ್ತು, ನಿಲ್ಲಿಸ್ಬಿಟ್ಟೆ" ಅಂದರು. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು! ಡಾಕ್ಟರಿಗೆ ಹೇಳಿದ್ರಾ ಅಂದೆ. "ಇಷ್ಟಕ್ಕೆಲ್ಲ ಅವರಿಗ್ಯಾಕೆ ತೊಂದರೆ..."

ಆ ಸ್ಟ್ರಿಪ್ಪಿನಲ್ಲಿದ್ದದ್ದು ಸ್ಟ್ಯಾಟಿನ್ ಜಾತಿಯ ಮಾತ್ರೆ. ಅದರ ಹಿಂದಿನ ಕತೆ ಹುಡುಕುತ್ತಾ ಹೋದರೆ, ಕಾಲು ಸೆಳೆತ ಮೊದಲ ರೋಗಿಯಿಂದಲೇ ಶುರುವಾದ ಸಮಾಚಾರ ಅಂತ ತಿಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸ್ಟ್ಯಾಟಿನ್‌ಗಿಂತ ಮೊದಲೇ, 1960ರಲ್ಲಿ, ಅಮೆರಿಕದ ಮೆರೆಲ್ ಕಂಪನಿ ಟ್ರೈಪರನಾಲ್ ಅನ್ನೋ ಮಾತ್ರೆಯನ್ನು 'ಮೆರ್-29' ಹೆಸರಲ್ಲಿ ಮಾರುಕಟ್ಟೆಗೆ ಬಿಟ್ಟಿತ್ತು. ನಮ್ಮ ದೇಹದ ಕೊಲೆಸ್ಟ್ರಾಲ್‌ನಲ್ಲಿ ಬಹುಪಾಲು ದೇಹವೇ ತಯಾರಿಸಿಕೊಳ್ಳೋದು, ಹಲವಾರು ಹಂತಗಳಲ್ಲಿ. ಮೆರ್-29 ಕೊನೆಯ ಹಂತವನ್ನು ತಡೆಯುತ್ತಿತ್ತು. ಕೊಲೆಸ್ಟ್ರಾಲ್ ಇಳಿಯಿತು ನಿಜ, ಆದರೆ ಅದಾಗುವ ಮುಂಚಿನ ಅರೆಬೆಂದ ಸರಕು ಮೈಯಲ್ಲಿ ಗುಡ್ಡೆಯಾಯಿತು. ಜನರಿಗೆ ಕೂದಲು ಉದುರಿತು, ಚರ್ಮ ಒಡೆಯಿತು, ಕಣ್ಣಿಗೆ ಪೊರೆ ಬಂತು. ಅದಕ್ಕಿಂತ ಕೆಟ್ಟದ್ದು ಅಂದರೆ, ಪ್ರಾಣಿಗಳ ಮೇಲಿನ ಪ್ರಯೋಗದ ಲೆಕ್ಕವನ್ನು ಕಂಪನಿ ತಿದ್ದಿತ್ತು. ಅಲ್ಲಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಿಟ್ಟಿದ್ದ ಹೆಂಗಸೊಬ್ಬರಿಂದ ಅದು ಹೊರಬಿತ್ತು. 1962ರ ಏಪ್ರಿಲ್‌ನಲ್ಲಿ ಮಾತ್ರೆ ವಾಪಸ್. 1964ರಲ್ಲಿ ಕಂಪನಿಗೆ ದಂಡ 80,000 ಡಾಲರ್. ಕಣ್ಣಿನ ಬೆಲೆ ಅಷ್ಟೇ ನೋಡಿ.

ಈಗ ಜಪಾನಿಗೆ ಬನ್ನಿ. ಅಕಿರಾ ಎಂಡೋ, ಅಕಿತ ಪ್ರಾಂತ್ಯದ ಹಳ್ಳಿ ಹುಡುಗ. ಬೂಷ್ಟಿನಿಂದ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅಂದರೆ ಆತನಿಗೆ ದೇವರು. ಟೋಕಿಯೋದ ಸಾಂಕ್ಯೋ ಕಂಪನಿಯಲ್ಲಿದ್ದಾಗ, 1971ರಿಂದ ಎರಡು ವರ್ಷ ಸುಮಾರು 6,000 ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಹುಡುಕುತ್ತಿದ್ದದ್ದು ಕೊಲೆಸ್ಟ್ರಾಲ್ ತಯಾರಿಕೆಯ ಆರಂಭದ ಹಂತದಲ್ಲೇ ಕೆಲಸ ಮಾಡುವ ಒಂದು ಕಿಣ್ವವನ್ನು ತಡೆಯೋ ವಸ್ತು. ಮೊದಲಲ್ಲೇ ಬಾಗಿಲು ಹಾಕಿದರೆ ಅರೆಬೆಂದದ್ದು ಉಳಿಯೋದಿಲ್ಲವಲ್ಲ! ಕೊನೆಗೆ ಸಿಕ್ಕಿದ್ದು ಕ್ಯೋಟೋದ ಅಂಗಡಿಯೊಂದರ ಅಕ್ಕಿಯಲ್ಲಿದ್ದ ನೀಲಿ-ಹಸಿರು ಬೂಷ್ಟಿನಿಂದ. ಅದೇ ಕಾಂಪ್ಯಾಕ್ಟಿನ್, ಮೊಟ್ಟಮೊದಲ ಸ್ಟ್ಯಾಟಿನ್.

ಇಲಿಗಳಿಗೆ ಕೊಟ್ಟರೆ ಏನೂ ಆಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. 1976ರಲ್ಲಿ ಬಾರೊಂದರಲ್ಲಿ ಎಂಡೋಗೆ ಕೋಳಿಗಳ ಮೇಲೆ ಪ್ರಯೋಗ ಮಾಡುವ ಕಿತಾನೋ ಅನ್ನೋ ಸಹೋದ್ಯೋಗಿ ಸಿಕ್ಕಿದರು. ಮೊಟ್ಟೆಯಲ್ಲಿ ಅಷ್ಟು ಕೊಲೆಸ್ಟ್ರಾಲ್ ಇದೆ ಅಂದರೆ ಕೋಳಿಯ ರಕ್ತದಲ್ಲೂ ಇರಬೇಕಲ್ಲ? ಕೊಟ್ಟು ನೋಡಿದರು. ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. (ದೊಡ್ಡ ದೊಡ್ಡ ಸಂಶೋಧನೆಗಳೆಲ್ಲ ಮೀಟಿಂಗ್ ರೂಮಿನಲ್ಲೇ ಆಗುತ್ತವೆ ಅನ್ನುವವರಿಗೆ ಇದನ್ನು ತೋರಿಸಬೇಕು.)

1978ರಲ್ಲಿ ಒಸಾಕಾದ ವೈದ್ಯ ಅಕಿರಾ ಯಮಾಮೊಟೋ ಹದಿನೆಂಟು ವರ್ಷದ ಒಬ್ಬ ಹುಡುಗಿಗೆ ಈ ಔಷಧಿ ಕೊಟ್ಟರು. ಅಪ್ಪ ಅಮ್ಮ ಇಬ್ಬರಿಂದಲೂ ಬಂದ ವಂಶವಾಹಿ ದೋಷ ಆಕೆಗೆ, ಕೊಲೆಸ್ಟ್ರಾಲ್ ವಿಪರೀತ. ದಿನಕ್ಕೆ 500 ಮಿಲಿಗ್ರಾಂ. ಕೊಲೆಸ್ಟ್ರಾಲ್ ಇಳಿಯಿತು, ಜತೆಗೇ ಸ್ನಾಯುಗಳು ಸೋಲತೊಡಗಿದವು. ಯಮಾಮೊಟೋ ಔಷಧಿ ನಿಲ್ಲಿಸಿದರು. ಆದರೆ ಕೈ ಚೆಲ್ಲಲಿಲ್ಲ. ಡೋಸ್ ಇಳಿಸಿ ಮತ್ತೆ ಶುರು ಮಾಡಿದರು, ಬೇರೆ ರೋಗಿಗಳಿಗೂ ಕೊಟ್ಟರು. ಕಾಲು ಭಾಗಕ್ಕೂ ಹೆಚ್ಚು ಇಳಿಕೆ, ದೊಡ್ಡ ತೊಂದರೆಯಿಲ್ಲ. ನನಗೆ ಕೇಳಿದರೆ ಇಡೀ ಕತೆಯ ತಿರುವು ಇದೇ. ಸ್ನಾಯು ನೋವು ಸುಳ್ಳು ಅಂತ ಆತ ತಳ್ಳಿಹಾಕಲಿಲ್ಲ, ಔಷಧಿಯೇ ವಿಷ ಅಂತ ಎಸೆಯಲೂ ಇಲ್ಲ.

1980ರಲ್ಲಿ ನಾಯಿಗಳಿಗೆ ಭಾರೀ ಪ್ರಮಾಣದಲ್ಲಿ ಕೊಟ್ಟಾಗ ಏನೋ ದೋಷ ಕಂಡಿತು ಅಂತ ಸಾಂಕ್ಯೋ ಕಾಂಪ್ಯಾಕ್ಟಿನ್ ಕೈಬಿಟ್ಟಿತು. ಸುದ್ದಿ ಕೇಳಿ ಅಮೆರಿಕದ ಮರ್ಕ್ ಕೂಡ ತನ್ನ ಲೋವಾಸ್ಟ್ಯಾಟಿನ್ ಪ್ರಯೋಗ ನಿಲ್ಲಿಸಿತು. ಬೇರೆ ದಾರಿಯಿಲ್ಲದ ರೋಗಿಗಳಿಗಾಗಿ ವೈದ್ಯರು ಕೇಳಿದ ಮೇಲೆ ಮತ್ತೆ ಶುರುವಾಗಿ, 1987ರಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಲೋವಾಸ್ಟ್ಯಾಟಿನ್ ತಗೊಳ್ಳುವವರಿಗೆ ಕಣ್ಣಿನ ಪರೀಕ್ಷೆಯ ಸಲಹೆ ಇತ್ತು. ಮೆರ್-29ರ ಭೂತ! ಮುಂದೆ ಅದು ಬೇಡ ಅಂತಾಯಿತು. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಅಧ್ಯಯನ ಹೊರಬಂತು. ಐದು ವರ್ಷ ಚಿಲ್ಲರೆಯಲ್ಲಿ ಬರೀ ಸಕ್ಕರೆ ಗುಳಿಗೆಯಂಥದ್ದು ತಗೊಂಡವರಲ್ಲಿ 256 ಜನ ಸತ್ತಿದ್ದರೆ, ಸಿಮ್ವಾಸ್ಟ್ಯಾಟಿನ್ ತಗೊಂಡವರಲ್ಲಿ 182. ಚಿಕ್ಕಪ್ಪನಂಥವರಿಗೆ ಮಾತ್ರೆ ಬರೆದುಕೊಡೋದು ಇಂಥ ಲೆಕ್ಕಗಳ ಮೇಲೆ.

ಅಲ್ಲಿಗೆ ಸುಖಾಂತ ಅಂದುಕೊಂಡಿರಾ? 2001ರ ಆಗಸ್ಟ್‌ನಲ್ಲಿ ಬೇಯರ್ ಕಂಪನಿ ತನ್ನ ಸೆರಿವಾಸ್ಟ್ಯಾಟಿನ್ ವಾಪಸ್ ತೆಗೆದುಕೊಂಡಿತು. ಸ್ನಾಯುಗಳು ಕರಗಿ, ಅದರ ಕಸ ಕಿಡ್ನಿಗೆ ಸೇರಿ, ಅಮೆರಿಕದಲ್ಲೇ 31 ಸಾವು ವರದಿಯಾಗಿದ್ದವು. ಅದರಲ್ಲಿ 12 ಜನ ಜೆಮ್‌ಫೈಬ್ರೋಜಿಲ್ ಅನ್ನೋ ಇನ್ನೊಂದು ಮಾತ್ರೆಯನ್ನೂ ಜತೆಗೆ ತಗೊಳ್ಳುತ್ತಿದ್ದರು. ಉಳಿದವರಲ್ಲಿ ಹೆಚ್ಚಿನ ಡೋಸಿನವರು ಬಹಳ. ಅಂದರೆ ಎಷ್ಟು ತಗೋತೀರಿ, ಜತೆಗೆ ಏನು ತಗೋತೀರಿ, ಪ್ರಶ್ನೆ ಅಲ್ಲಿದೆ. ಕ್ಲಾರಿಥ್ರೋಮೈಸಿನ್‌ನಂಥ ಆಂಟಿಬಯಾಟಿಕ್ ಕೆಲವು ಸ್ಟ್ಯಾಟಿನ್‌ಗಳನ್ನು ರಕ್ತದಲ್ಲಿ ಏರಿಸುತ್ತದೆ. ಗ್ರೇಪ್‌ಫ್ರೂಟ್ ರಸವೂ ಅಷ್ಟೇ. ಅದು ನಮ್ಮ ಚಕ್ಕೋತದ ವಂಶದ್ದೇ. ಚಕ್ಕೋತದಲ್ಲೂ ಆ ಜಾತಿಯ ವಸ್ತುಗಳಿವೆ. ದೇವನಹಳ್ಳಿ ಕಡೆಯವರು ಒಂದು ಮಾತು ಡಾಕ್ಟರನ್ನು ಕೇಳಿಕೊಳ್ಳೋದು ಒಳ್ಳೆಯದು :-)

ಹಾಗಾದರೆ ಚಿಕ್ಕಪ್ಪನ ಕಾಲು ಸೆಳೆತ? 2020ರಲ್ಲಿ ಬ್ರಿಟನ್ನಿನಲ್ಲಿ, ತೊಂದರೆಯಾಯಿತು ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಹುಸಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ, ಹೀಗೆ ಮಾಡಿ ನೋಡಿದರು. ತೊಂದರೆಯಲ್ಲಿ ಶೇಕಡಾ 90ರಷ್ಟು ಹುಸಿ ಮಾತ್ರೆಯಲ್ಲೂ ಇತ್ತು! ನೋವು ನಿಜ, ಕಾರಣ ಬೇರೆ. ಆದರೆ ಉಳಿದ ಹತ್ತರಲ್ಲಿ ಚಿಕ್ಕಪ್ಪ ಇಲ್ಲ ಅಂತ ಮನೆಯಲ್ಲಿ ಕೂತು ಹೇಳೋಕೆ ನಾನ್ಯಾರು? ಅದರಲ್ಲೂ ತೀವ್ರ ನೋವು, ನಿಶ್ಶಕ್ತಿ, ಕಪ್ಪು ಟೀ ಬಣ್ಣದ ಮೂತ್ರ ಬಂದರೆ ಕಾಯುವ ಹಾಗೇ ಇಲ್ಲ, ಆವತ್ತೇ ಆಸ್ಪತ್ರೆ.

ಬೆಳಿಗ್ಗೆ ಕಾಫಿ ಜತೆ ಇದನ್ನೆಲ್ಲ ಹೇಳಿದೆ. ಒಸಾಕಾದ ಹುಡುಗಿಯ ವಿಷಯ ಬಂದಾಗ ಮಾತ್ರ ಪೇಪರ್ ಕೆಳಗಿಟ್ಟರು. ಮಧ್ಯಾಹ್ನ ಡಾಕ್ಟರ ಹತ್ತಿರ ಹೋದೆವು. ಅವರು ಬೈಯಲಿಲ್ಲ. ಸ್ನಾಯುವಿಗೆ ಸಂಬಂಧಪಟ್ಟ ಸಿ.ಕೆ. ರಕ್ತಪರೀಕ್ಷೆ ಬರೆದರು, ಬೇರೆ ಏನೇನು ತಗೋತೀರಿ ಅಂತ ಇಡೀ ಡಬ್ಬಿ ತರಿಸಿ ನೋಡಿದರು. ರಿಪೋರ್ಟ್ ಸರಿಯಾಗಿಯೇ ಬಂತು. ಕಮ್ಮಿ ಡೋಸಿನಲ್ಲಿ ಬೇರೊಂದು ಸ್ಟ್ಯಾಟಿನ್ ಕೊಟ್ಟು ಆರು ವಾರ ಬಿಟ್ಟು ಬನ್ನಿ ಅಂದಿದ್ದಾರೆ. ನಿನ್ನೆ ಫೋನ್ ಮಾಡಿದ್ದೆ. "ಕಾಲು ಸ್ವಲ್ಪ ಸೆಳೀತದೆ, ಆದ್ರೆ ಅದು ಆ ಬಸ್ ಸ್ಟ್ಯಾಂಡ್ ಏರು ಹತ್ತಿದ್ದಕ್ಕೆ ಇರ್ಬೇಕು" ಅಂದರು.